ಕಾರಿನ ಇಸಿಎಂ: ಬಿಚ್ಚುವ ಮುನ್ನ, ಬದಲಿಸುವ ಮುನ್ನ ತಿಳಿದಿರಬೇಕಾದ್ದು

ಗಲ್ಫಿನಿಂದ ರಜೆಗೆ ಬಂದವರ ಮನೆಯಂಗಳದಲ್ಲಿ ಈಚೆಗೆ ಪದೇ ಪದೇ ಕೇಳಿಬರುವ ಮಾತು ಒಂದಿದೆ: "ಕಾರು ಸ್ಟಾರ್ಟ್ ಆಗ್ತಾ ಇಲ್ಲ, ಇಸಿಎಂ ಹೋಗಿದೆಯಂತೆ." ವರ್ಷದಲ್ಲಿ ಹತ್ತು ಹನ್ನೊಂದು ತಿಂಗಳು ಕವರ್ ಹೊದ್ದು ಶೆಡ್ಡಿನಲ್ಲೇ ನಿಂತ ಕಾರು. ರಜೆ ಇರುವುದು ಮೂವತ್ತೋ ನಲವತ್ತೋ ದಿನ. ಅದರಲ್ಲಿ ಮದುವೆ, ಕುಟುಂಬದವರ ಮನೆ, ಮಂಗಳೂರಿನ ಆಸ್ಪತ್ರೆ ಎಂದು ಓಡಾಟ ಬೇರೆ. ಅವಸರದಲ್ಲಿ "ಹೊಸದು ಹಾಕಿಬಿಡಿ" ಎಂದುಬಿಟ್ಟರೆ ಹತ್ತಾರು ಸಾವಿರ ರೂಪಾಯಿಯ ಬಿಲ್ಲು ಬರಬಹುದು. ಅಷ್ಟು ಕೊಟ್ಟ ಮೇಲೂ ಕಾರು ಸ್ಟಾರ್ಟ್ ಆಗದೆ ಇರುವುದುಂಟು. ಯಾಕೆಂದರೆ ಹೋದದ್ದು ಇಸಿಎಂ ಆಗಿರುವುದಿಲ್ಲ, ಅದಕ್ಕೆ ಕರೆಂಟು ಕೊಡುವ ಒಂದು ವಯರೋ ರಿಲೇಯೋ ಆಗಿರುತ್ತದೆ.

ಇನ್ನೊಂದು ಕಡೆ ನಮ್ಮ ಹುಡುಗರಲ್ಲಿ ಅನೇಕರು ಯೂಟ್ಯೂಬ್ ನೋಡಿಕೊಂಡು ತಾವೇ ಸ್ಪ್ಯಾನರ್ ಹಿಡಿಯುತ್ತಾರೆ. ಕಲಿಯುವ ಆಸೆ ಒಳ್ಳೆಯದೇ. ಆದರೆ ಬ್ರೇಕ್ ಪ್ಯಾಡ್ ಬದಲಿಸಿದ ಹಾಗೆ ಇಸಿಎಂ ಬದಲಿಸಲು ಆಗುವುದಿಲ್ಲ. ಕ್ರಮ ತಪ್ಪಿದರೆ ಚೆನ್ನಾಗಿದ್ದ ಯೂನಿಟ್ಟೇ ಸುಟ್ಟುಹೋಗಬಹುದು. ಯಾವುದನ್ನು ಮನೆಯಲ್ಲಿ ಮಾಡಬಹುದು, ಯಾವುದನ್ನು ಬಲ್ಲವರ ಕೈಗೇ ಕೊಡಬೇಕು ಎಂಬುದು ಮೊದಲು ಗೊತ್ತಿರಬೇಕು.

ಇಸಿಎಂ ಅಂದರೆ ಏನು?

ಎಂಜಿನ್ ಕಂಟ್ರೋಲ್ ಮಾಡ್ಯೂಲ್ ಎಂಬುದರ ಚಿಕ್ಕ ಹೆಸರು ಇಸಿಎಂ. ಕೆಲವರು ಇಸಿಯು ಅನ್ನುತ್ತಾರೆ, ಗ್ಯಾರೇಜಿನಲ್ಲಿ 'ಬ್ರೈನ್' ಅಂತಲೂ ಕರೆಯುವುದುಂಟು. ಅಲ್ಯೂಮಿನಿಯಂ ಅಥವಾ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಕೂತ ಒಂದು ಚಿಕ್ಕ ಕಂಪ್ಯೂಟರ್ ಅದು. ಎಂಜಿನ್ ಎಷ್ಟು ವೇಗದಲ್ಲಿ ತಿರುಗುತ್ತಿದೆ ಎಂದು ಕ್ರ್ಯಾಂಕ್ ಸೆನ್ಸರ್ ಹೇಳುತ್ತದೆ. ಒಳಗೆ ಎಷ್ಟು ಗಾಳಿ ಹೋಗುತ್ತಿದೆ, ಕೂಲೆಂಟ್ ಎಷ್ಟು ಬಿಸಿ ಇದೆ, ಆಕ್ಸಿಲರೇಟರ್ ಎಷ್ಟು ಒತ್ತಿದ್ದಾರೆ, ಸೈಲೆನ್ಸರಿಗೆ ಹೋಗುವ ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂದು ಉಳಿದ ಸೆನ್ಸರ್‌ಗಳು ಹೇಳುತ್ತವೆ. ಇದನ್ನೆಲ್ಲ ಸೆಕೆಂಡಿಗೆ ಎಷ್ಟೋ ಸಲ ಓದಿ, ಯಾವ ಸಿಲಿಂಡರಿಗೆ ಎಷ್ಟು ಇಂಧನ, ಯಾವ ಕ್ಷಣಕ್ಕೆ ಕಿಡಿ ಎಂದು ಇಸಿಎಂ ಆಜ್ಞೆ ಕೊಡುತ್ತದೆ. ಕಾರ್ಬ್ಯುರೇಟರ್ ಕಾಲದಲ್ಲಿ ಸ್ಕ್ರೂ ತಿರುಗಿಸಿ ಮಾಡುತ್ತಿದ್ದ ಕೆಲಸ ಈಗ ಸಾಫ್ಟ್‌ವೇರಿನದ್ದು.

ಬಿಎಸ್ 4 ನಿಯಮ ದೇಶದಾದ್ಯಂತ ಜಾರಿಗೆ ಬಂದದ್ದು 2017ರ ಎಪ್ರಿಲ್ 1ಕ್ಕೆ, ಬಿಎಸ್ 6 ಬಂದದ್ದು 2020ರ ಎಪ್ರಿಲ್ 1ಕ್ಕೆ. ಪ್ರತಿ ಸಲ ನಿಯಮ ಬಿಗಿಯಾದಾಗಲೂ ಇಸಿಎಂ ಕೆಲಸ ಹೆಚ್ಚಾಗಿದೆ, ಸೆನ್ಸರ್‌ಗಳು ಹೆಚ್ಚಾಗಿವೆ, ಸಾಫ್ಟ್‌ವೇರಿನ ಬೀಗವೂ ಗಟ್ಟಿಯಾಗಿದೆ. ಹಾಗಾಗಿ 2008ರ ಕಾರಿಗೆ ಹೇಳುವ ಮಾತು 2022ರ ಕಾರಿಗೆ ಹೊಂದುವುದಿಲ್ಲ.

ಇಸಿಎಂ ಕೂತಿರುವ ಜಾಗವೂ ಒಂದೊಂದು ಕಾರಿನಲ್ಲಿ ಒಂದೊಂದು ಕಡೆ. ಕೆಲವದರಲ್ಲಿ ಬಾನೆಟ್ ಕೆಳಗೆ ಬ್ಯಾಟರಿಯ ಹತ್ತಿರ, ಕೆಲವದರಲ್ಲಿ ಏರ್ ಫಿಲ್ಟರ್ ಪೆಟ್ಟಿಗೆಯ ಪಕ್ಕ, ಇನ್ನು ಕೆಲವದರಲ್ಲಿ ಒಳಗೆ ಗ್ಲೋವ್ ಬಾಕ್ಸಿನ ಹಿಂದೆ.

ನಿಜವಾಗಿಯೂ ಇಸಿಎಂ ಹೋಗಿದೆಯಾ?

ಇಡೀ ವಿಷಯದಲ್ಲಿ ದುಡ್ಡು ಉಳಿಯುವುದೂ ಹೋಗುವುದೂ ಇದೊಂದು ಪ್ರಶ್ನೆಯಲ್ಲೇ. ಇಸಿಎಂ ಸುಲಭದಲ್ಲಿ ಹಾಳಾಗುವ ಭಾಗವಲ್ಲ. ಎಂಜಿನ್ನಿನ ಬಿಸಿ, ನಡುಕ, ಮಳೆ ಎಲ್ಲವನ್ನೂ ತಡೆದುಕೊಳ್ಳುವ ಹಾಗೆ ಅದನ್ನು ಮಾಡಿರುತ್ತಾರೆ. ಆದ್ದರಿಂದ ಸಂಶಯಪಡಬೇಕಾದವರ ಪಟ್ಟಿಯಲ್ಲಿ ಅದರ ಹೆಸರು ಕೊನೆಗೆ ಬರಬೇಕು. ಎಷ್ಟೋ ಕಡೆ ಮೊದಲೇ ಬರುತ್ತದೆ, ಅದೇ ತೊಂದರೆ.

ಮೊದಲು ಬ್ಯಾಟರಿ. ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ಕಾರು ಕೆಲವು ಗಂಟೆ ನಿಂತ ಮೇಲೆ ಒಳ್ಳೆಯ ಬ್ಯಾಟರಿ 12.6 ವೋಲ್ಟಿನ ಆಸುಪಾಸು ತೋರಿಸಬೇಕು. 12ಕ್ಕೆ ಇಳಿದಿದ್ದರೆ ಅದು ಹೆಚ್ಚುಕಡಿಮೆ ಖಾಲಿ. ಸ್ಟಾರ್ಟ್ ಮಾಡಲು ನೋಡುವಾಗ ವೋಲ್ಟೇಜ್ 9.5ಕ್ಕಿಂತ ಕೆಳಗೆ ಬೀಳುತ್ತಿದ್ದರೆ ಬ್ಯಾಟರಿ ಸೋತಿದೆ ಎಂದು ತಿಳಿಯಬಹುದು. ವೋಲ್ಟೇಜ್ ತೀರಾ ಬಿದ್ದಾಗ ಇಸಿಎಂ ಎಚ್ಚರ ತಪ್ಪುತ್ತದೆ, ಮೀಟರಿನ ಲೈಟುಗಳೆಲ್ಲ ಹುಚ್ಚು ಹಿಡಿದ ಹಾಗೆ ಮಿನುಗುತ್ತವೆ, ಸ್ಕ್ಯಾನರ್ ಹತ್ತು ಹದಿನೈದು ತಪ್ಪು ಕೋಡ್ ತೋರಿಸುತ್ತದೆ. ನೋಡುವವರಿಗೆ 'ಬ್ರೈನ್ ಹೋಗಿದೆ' ಅನ್ನಿಸುವುದು ಸಹಜ. ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಆಗುವುದು ಬಹಳ ಸಲ ಇಷ್ಟೇ.

ಆಮೇಲೆ ಫ್ಯೂಸ್ ಮತ್ತು ಮೈನ್ ರಿಲೇ. ಇಸಿಎಂಗೆ ಸಾಮಾನ್ಯವಾಗಿ ಎರಡು ದಾರಿಯಲ್ಲಿ ಕರೆಂಟು ಬರುತ್ತದೆ: ಒಂದು ಬ್ಯಾಟರಿಯಿಂದ ಸದಾ ಇರುವಂಥದ್ದು, ಇನ್ನೊಂದು ಕೀ ಆನ್ ಮಾಡಿದಾಗ ರಿಲೇ ಮೂಲಕ ಬರುವಂಥದ್ದು. ಎರಡರಲ್ಲಿ ಒಂದು ತಪ್ಪಿದರೂ ಅದು ಸತ್ತ ಹಾಗೆ ಕಾಣುತ್ತದೆ. ರಿಲೇಯ ಬೆಲೆ ಕೆಲವು ನೂರು ರೂಪಾಯಿ, ಅಷ್ಟೇ.

ಅರ್ತ್ ವಯರನ್ನು ಕೇಳುವವರೇ ಇಲ್ಲ. ಬ್ಯಾಟರಿಯ ನೆಗೆಟಿವ್‌ನಿಂದ ಬಾಡಿಗೆ, ಬಾಡಿಯಿಂದ ಎಂಜಿನ್ನಿಗೆ ಹೋಗುವ ವಯರಿನ ಬೋಲ್ಟಿನಲ್ಲಿ ಉಪ್ಪುಗಾಳಿಗೆ ತುಕ್ಕು ಹಿಡಿದಿರುತ್ತದೆ. ಕಡಲ ಬದಿಯಲ್ಲಿರುವ ಉಪ್ಪಳ, ಮಂಜೇಶ್ವರ, ಕುಂಬಳೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಮನೆಯ ಗೇಟು ನೋಡಿದರೆ ಗೊತ್ತಾಗುತ್ತದೆ. ಪರೀಕ್ಷೆ ಸುಲಭ: ಕೀ ಆನ್ ಮಾಡಿ, ಬ್ಯಾಟರಿಯ ನೆಗೆಟಿವ್ ಮತ್ತು ಇಸಿಎಂ ಅರ್ತ್ ಪಿನ್ನಿನ ನಡುವೆ ವೋಲ್ಟೇಜ್ ನೋಡಬೇಕು. 0.1 ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ದಾರಿಯಲ್ಲಿ ಎಲ್ಲೋ ತಡೆ ಇದೆ.

ಇಲಿಯ ಕಥೆ ಬೇರೆಯೇ. ಮಳೆಗಾಲದಲ್ಲಿ ಬಾನೆಟ್ ಕೆಳಗೆ ಬೆಚ್ಚಗೆ ಗೂಡು ಕಟ್ಟುವ ಇಲಿಗಳು ವಯರಿನ ಸಿಪ್ಪೆ ಕಚ್ಚಿ ಬಿಡುತ್ತವೆ. ವರ್ಷಕ್ಕೊಮ್ಮೆ ಓಡುವ ಕಾರು ಅವಕ್ಕೆ ಬಾಡಿಗೆ ಇಲ್ಲದ ಮನೆ. ಕ್ರ್ಯಾಂಕ್ ಸೆನ್ಸರಿನ ಒಂದು ವಯರ್ ತುಂಡಾದರೂ ಎಂಜಿನ್ ಸುಮ್ಮನೆ ತಿರುಗುತ್ತಿರುತ್ತದೆ, ಹತ್ತಿಕೊಳ್ಳುವುದಿಲ್ಲ.

ಇನ್ನು ಸ್ವಲ್ಪ ಸೂಕ್ಷ್ಮವಾದ ಕಾರಣವೊಂದಿದೆ, ಅನುಭವಿ ಮೆಕ್ಯಾನಿಕ್‌ಗಳೂ ಇಲ್ಲಿ ಮೋಸಹೋಗುತ್ತಾರೆ. ಇಸಿಎಂ ತನ್ನೊಳಗೇ 5 ವೋಲ್ಟ್ ತಯಾರಿಸಿ ಹಲವು ಸೆನ್ಸರ್‌ಗಳಿಗೆ ಹಂಚುತ್ತದೆ. ಅವುಗಳಲ್ಲಿ ಒಂದು ಸೆನ್ಸರ್ ಒಳಗೆ ಶಾರ್ಟ್ ಆದರೆ ಆ 5 ವೋಲ್ಟ್ ಕೆಳಗೆ ಬಿದ್ದುಹೋಗುತ್ತದೆ. ಆಗ ಆ ಲೈನಿನ ಎಲ್ಲ ಸೆನ್ಸರ್‌ಗಳೂ ಒಟ್ಟಿಗೆ ಕೈಕೊಡುತ್ತವೆ. ಕೆಲವು ಕಾರುಗಳಲ್ಲಿ ಸ್ಕ್ಯಾನರ್ ಜತೆ ಇಸಿಎಂ ಮಾತನ್ನೇ ಆಡುವುದಿಲ್ಲ. ಪರೀಕ್ಷೆಗೆ ಆ ಸೆನ್ಸರ್‌ಗಳ ಕನೆಕ್ಟರನ್ನು ಒಂದೊಂದಾಗಿ ಬಿಚ್ಚುತ್ತ ಹೋಗಬೇಕು. ಯಾವುದನ್ನು ಬಿಚ್ಚಿದಾಗ 5 ವೋಲ್ಟ್ ತಿರುಗಿ ಬರುತ್ತದೋ ಅದೇ ಕಳ್ಳ. ಒಂದು ಸೆನ್ಸರಿನಲ್ಲಿ ಮುಗಿಯುವ ಕೆಲಸಕ್ಕೆ ಇಸಿಎಂ ಬೆಲೆ ಕೊಡುವುದು ಯಾವ ಲೆಕ್ಕ?

ಸ್ಕ್ಯಾನರ್ ಹಾಕುವುದು ಸ್ಟಿಯರಿಂಗ್ ಕೆಳಗಿರುವ 16 ಪಿನ್ನಿನ ಒಬಿಡಿ ಸಾಕೆಟ್ಟಿಗೆ. ಅದರಲ್ಲಿ 16ನೇ ಪಿನ್ನಿಗೆ ಬ್ಯಾಟರಿಯ ಕರೆಂಟು, 4 ಮತ್ತು 5 ಅರ್ತ್. ಕ್ಯಾನ್ ಲೈನ್ ಇರುವ ಕಾರಿನಲ್ಲಿ ಬ್ಯಾಟರಿ ಬಿಚ್ಚಿ 6 ಮತ್ತು 14ರ ನಡುವೆ ಅಳೆದರೆ ಸುಮಾರು 60 ಓಮ್ ಬರಬೇಕು. 120 ಬಂದರೆ ಲೈನಿನ ಒಂದು ತುದಿ ಕಳಚಿದೆ ಎಂದರ್ಥ. ಕೋಡ್‌ಗಳಲ್ಲಿ ಪಿ0601 ಎಂದರೆ ಇಸಿಎಂನ ಒಳಗಿನ ಮೆಮೊರಿಯಲ್ಲಿ ದೋಷ, ಪಿ0606 ಎಂದರೆ ಪ್ರೊಸೆಸರಿನ ದೋಷ. ಈ ಎರಡು ಬಂದು, ಅಳಿಸಿದ ಮೇಲೂ ಕೂಡಲೇ ತಿರುಗಿ ಬಂದರೆ ಇಸಿಎಂ ಮೇಲೆ ಸಂಶಯಪಡುವುದು ನ್ಯಾಯ. ಪಿ0562 ಬಂದರೆ ಅದು ವೋಲ್ಟೇಜ್ ಕಡಿಮೆ ಎಂಬ ದೂರು, ಪಿ0335 ಕ್ರ್ಯಾಂಕ್ ಸೆನ್ಸರಿನ ಸರ್ಕ್ಯೂಟಿನದ್ದು. ಕೋಡನ್ನು ಕಾಗದದಲ್ಲಿ ಬರೆದುಕೊಡಿ ಎಂದು ಗ್ಯಾರೇಜಿನವರನ್ನು ಕೇಳಲು ಯಾರೂ ಮುಜುಗರಪಡಬೇಕಿಲ್ಲ. ಸರಿಯಾಗಿ ಕೆಲಸ ಮಾಡುವವರು ಕೊಡುತ್ತಾರೆ.

ಕೀ ಆನ್ ಮಾಡಿದಾಗ ಚೆಕ್ ಎಂಜಿನ್ ಲೈಟು ಹತ್ತಬೇಕು, ಎಂಜಿನ್ ಹೊತ್ತಿಕೊಂಡ ಮೇಲೆ ಆರಬೇಕು. ಮೊದಲೇ ಹತ್ತದಿದ್ದರೆ ಇಸಿಎಂಗೆ ಕರೆಂಟು ಬರುತ್ತಿದೆಯಾ ಎಂದು ನೋಡಬೇಕು. ಬೀಗದ ಗುರುತಿನ ಲೈಟು ಮಿನುಗುತ್ತಿದ್ದರೆ ಅದು ಇಮ್ಮೊಬಿಲೈಜರ್, ಅಂದರೆ ಕೀಯ ಒಳಗಿನ ಚಿಪ್ಪನ್ನು ಕಾರು ಗುರುತಿಸುತ್ತಿಲ್ಲ. ಎರಡನೇ ಕೀ ಹಾಕಿ ನೋಡಿದರೆ ಅರ್ಧ ಉತ್ತರ ಸಿಗುತ್ತದೆ.

ಹೋಗಿದ್ದರೆ, ಯಾಕೆ ಹೋಯಿತು?

ನಿಜವಾಗಿ ಇಸಿಎಂ ಹಾಳಾಗುವುದಕ್ಕೆ ದೊಡ್ಡ ಕಾರಣ ನೀರು. 2018ರ ಆಗಸ್ಟ್ ಪ್ರವಾಹದಲ್ಲಿ ಕೇರಳದ ಮಧ್ಯಭಾಗದ ಜಿಲ್ಲೆಗಳಲ್ಲಿ ಮುಳುಗಿದ ಕಾರುಗಳಿಗೆ ಲೆಕ್ಕವಿಲ್ಲ. ನೀರು ಕುಡಿದ ಕಾರು ಒಣಗಿದ ಮೇಲೆ ಓಡಿದರೂ, ಕನೆಕ್ಟರಿನ ಪಿನ್ನುಗಳಲ್ಲಿ ಹಸಿರು ಕಿಲುಬು ನಿಧಾನಕ್ಕೆ ಬೆಳೆಯುತ್ತದೆ. ಹಳೆ ಕಾರು ಕೊಳ್ಳುವಾಗ ಸೀಟಿನ ಕೆಳಗಿನ ಕೆಸರು ಮಾತ್ರ ಅಲ್ಲ, ಇಸಿಎಂ ಕನೆಕ್ಟರ್ ಬಿಚ್ಚಿಸಿ ನೋಡುವುದು ಒಳ್ಳೆಯದು. ಮನೆಯಲ್ಲಿ ಪ್ರೆಶರ್ ವಾಷರ್ ತಂದು ಎಂಜಿನ್ ಮೇಲೆ ನೇರ ಹೊಡೆಯುವುದು ಪ್ರವಾಹದ ಚಿಕ್ಕ ತಮ್ಮ.

ಎರಡನೆಯದು ಜಂಪ್ ಸ್ಟಾರ್ಟ್. ಕೇಬಲ್ ಪ್ಲಸ್ ಮೈನಸ್ ಅದಲುಬದಲಾದರೆ ಕ್ಷಣದಲ್ಲಿ ಕೆಲಸ ಮುಗಿಯಿತು. ಲಾರಿಯ ಬ್ಯಾಟರಿಯಿಂದ ಕಾರಿಗೆ ಕರೆಂಟು ಕೊಡುವುದು ಅದಕ್ಕಿಂತ ಅಪಾಯ. ದೊಡ್ಡ ಲಾರಿಗಳದ್ದು 24 ವೋಲ್ಟ್, ಕಾರಿನದ್ದು 12. ಮೀನಿನ ಲಾರಿಯವರು ಸಹಾಯಕ್ಕೆ ಬಂದರೆ ಸಲಾಂ ಹೇಳಿ ಕಳಿಸುವುದೇ ಕ್ಷೇಮ.

ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಟರ್ಮಿನಲ್ ಬಿಚ್ಚಿ "ಆಲ್ಟರ್ನೇಟರ್ ಚಾರ್ಜ್ ಮಾಡ್ತಾ ಇದೆಯಾ" ಎಂದು ನೋಡುವ ಹಳೇ ಅಭ್ಯಾಸ ಕೆಲವರಲ್ಲಿ ಈಗಲೂ ಇದೆ. ಅಂಬಾಸಿಡರ್ ಕಾಲಕ್ಕೆ ಅದು ಸಾಗಿತು. ಈಗಿನ ಕಾರಿನಲ್ಲಿ ಬ್ಯಾಟರಿ ಎಂಬ ಹೊರೆ ಒಮ್ಮೆಲೇ ತಪ್ಪಿದರೆ ಆಲ್ಟರ್ನೇಟರಿನ ವೋಲ್ಟೇಜ್ ಒಂದು ಕ್ಷಣ ಹತ್ತಾರು ವೋಲ್ಟ್ ಮೇಲೆ ಜಿಗಿಯುತ್ತದೆ. ಆ ಪೆಟ್ಟು ನೇರ ಇಸಿಎಂಗೆ. ಬಾಡಿ ವೆಲ್ಡಿಂಗ್ ಮಾಡಿಸುವಾಗಲೂ ಬ್ಯಾಟರಿ ಬಿಚ್ಚಿ, ಇಸಿಎಂ ಕನೆಕ್ಟರ್ ಕಳಚಿಟ್ಟೇ ಮಾಡಬೇಕು.

ಇನ್ನೊಂದು ಕಾರಣವನ್ನು ಮರೆತರೆ ಹೊಸ ಇಸಿಎಂ ಕೂಡ ಸುಡುತ್ತದೆ. ಇಗ್ನಿಷನ್ ಕಾಯಿಲೋ ಇಂಜೆಕ್ಟರೋ ಒಳಗೆ ಶಾರ್ಟ್ ಆಗಿ, ಅದನ್ನು ನಡೆಸುವ ಟ್ರಾನ್ಸಿಸ್ಟರ್ ಇಸಿಎಂನೊಳಗೆ ಸುಟ್ಟಿರುತ್ತದೆ. ಕಾಯಿಲ್ ಬದಲಿಸದೆ ಬರೀ ಇಸಿಎಂ ಬದಲಿಸಿದರೆ ಹೊಸದರ ಟ್ರಾನ್ಸಿಸ್ಟರಿಗೂ ಅದೇ ಗತಿ. ಆದ್ದರಿಂದ ಯಾಕೆ ಹೋಯಿತು ಎಂದು ಹೇಳಲಾಗದ ಗ್ಯಾರೇಜಿನಲ್ಲಿ ಹೊಸ ಯೂನಿಟ್ ಹಾಕಿಸುವುದು ಜೂಜಾಟ.

ಹೊಸದಾ, ಗುಜರಿಯದ್ದಾ, ರಿಪೇರಿಯಾ?

ಇಸಿಎಂ ಬಲ್ಬಿನ ಹಾಗಲ್ಲ, ತಂದು ಸಿಕ್ಕಿಸಿದ ಕೂಡಲೇ ಉರಿಯುವುದಿಲ್ಲ. ಕಂಪೆನಿಯಿಂದ ಬರುವ ಹೊಸ ಯೂನಿಟ್ ಒಳಗೆ ಆ ಕಾರಿನ ವಿವರ ಇರುವುದಿಲ್ಲ. 17 ಅಕ್ಷರ, ಅಂಕಿಗಳ ಚಾಸಿಸ್ ನಂಬರ್, ಇಮ್ಮೊಬಿಲೈಜರಿನ ಗುಟ್ಟು, ಡೀಸೆಲ್ ಆದರೆ ಪ್ರತಿ ಇಂಜೆಕ್ಟರಿನ ತಿದ್ದುಪಡಿ ಕೋಡ್, ಇದೆಲ್ಲ ಸ್ಕ್ಯಾನರ್ ಮೂಲಕ ತುಂಬಬೇಕು. ಗುಜರಿಯಿಂದ ತಂದ ಯೂನಿಟ್ ಒಳಗೆ ಬೇರೆ ಕಾರಿನ ವಿವರ ಇರುತ್ತದೆ. ಅದು ಈ ಕಾರಿನ ಕೀಯನ್ನು ಗುರುತಿಸುವುದಿಲ್ಲ. ಎಂಜಿನ್ ಒಂದೆರಡು ಸೆಕೆಂಡ್ ಹೊತ್ತಿ ಆರುತ್ತದೆ, ಅಥವಾ ಹತ್ತುವುದೇ ಇಲ್ಲ.

ಇದಕ್ಕೆ ಇರುವ ದಾರಿ ಕ್ಲೋನಿಂಗ್. ಹಳೆ ಯೂನಿಟ್ಟಿನ ಮೆಮೊರಿ ಇನ್ನೂ ಓದಲು ಸಿಗುವ ಸ್ಥಿತಿಯಲ್ಲಿದ್ದರೆ, ಅದನ್ನು ಪೂರ್ತಿ ನಕಲು ತೆಗೆದು ಅದೇ ನಂಬರಿನ ಇನ್ನೊಂದು ಯೂನಿಟ್ಟಿಗೆ ಬರೆಯುತ್ತಾರೆ. ಆಗ ಕಾರಿಗೆ ತನ್ನದೇ ಇಸಿಎಂ ತಿರುಗಿ ಬಂದ ಹಾಗೆ. ಹಳೆಯ ಕಾರುಗಳಲ್ಲಿ ಇದು ಚೆನ್ನಾಗಿ ನಡೆಯುತ್ತದೆ, ಬಿಎಸ್ 6 ಕಾರುಗಳಲ್ಲಿ ಬೀಗ ಬಿಗಿ ಇರುವುದರಿಂದ ಎಲ್ಲವೂ ಆಗುವುದಿಲ್ಲ. ಸುಟ್ಟ ಟ್ರಾನ್ಸಿಸ್ಟರ್, ಬಿರುಕುಬಿಟ್ಟ ಸೋಲ್ಡರ್, ಉಬ್ಬಿದ ಕೆಪಾಸಿಟರ್ ಮಟ್ಟದ ದೋಷವಾದರೆ ಬೋರ್ಡ್ ರಿಪೇರಿ ಮಾಡುವವರೂ ಇದ್ದಾರೆ. ಯೂನಿಟ್ ಅವರದ್ದೇ, ವಿವರ ಒಳಗೇ ಇರುತ್ತದೆ, ಕೋಡಿಂಗ್ ತಲೆನೋವು ಇಲ್ಲ. ಹಳೇ ಕಾರಿಗೆ ಮೊದಲು ಕೇಳಬೇಕಾದ್ದು ಇದನ್ನೇ. ವಾರಂಟಿಯಲ್ಲಿರುವ ಕಾರನ್ನು ಮಾತ್ರ ಯಾರ ಕೈಗೂ ಕೊಡದೆ ಕಂಪೆನಿ ಸರ್ವಿಸ್ ಸೆಂಟರಿಗೇ ಕೊಂಡುಹೋಗಬೇಕು. ಹೊರಗೆ ಪೆಟ್ಟಿಗೆ ತೆರೆದರೆ ವಾರಂಟಿ ಹೋಯಿತೆಂದೇ ಲೆಕ್ಕ.

ಪಾರ್ಟ್ ನಂಬರ್ ಪೂರ್ತಿ ಹೊಂದಬೇಕು. ಒಂದೇ ಮಾಡೆಲ್, ಒಂದೇ ವರ್ಷದ ಕಾರಾದರೂ ಮ್ಯಾನುವಲ್ ಗೇರಿಗೆ ಒಂದು, ಆಟೋಮ್ಯಾಟಿಕ್‌ಗೆ ಒಂದು, ಬಿಎಸ್ 4ಕ್ಕೆ ಒಂದು, ಬಿಎಸ್ 6ಕ್ಕೆ ಇನ್ನೊಂದು ಇರುತ್ತದೆ. ಕೊನೆಯ ಒಂದು ಅಕ್ಷರ ಬೇರೆಯಾದರೂ ಸಾಫ್ಟ್‌ವೇರ್ ಬೇರೆ ಇರಬಹುದು. ಶಾರ್ಜಾದ ಕೈಗಾರಿಕಾ ಪ್ರದೇಶದಲ್ಲಿ ಹಳೆ ಬಿಡಿಭಾಗಗಳ ದೊಡ್ಡ ಮಾರುಕಟ್ಟೆಯೇ ಇದೆ, ಊರಿಗೆ ಬರುವವರ ಹತ್ತಿರ "ಅಲ್ಲಿಂದ ಒಂದು ತಂದುಬಿಡು" ಎನ್ನುವವರೂ ಇದ್ದಾರೆ. ಹೆಸರು ಒಂದೇ ಆದರೂ ಅಲ್ಲಿ ಮಾರುವ ಕಾರಿನ ಎಂಜಿನ್, ಹೊಗೆ ನಿಯಮ, ಸಾಫ್ಟ್‌ವೇರ್ ಬೇರೆ. ನಂಬರ್ ನೋಡದೆ ತಂದ ಯೂನಿಟ್ ಲಗೇಜಿನ ಭಾರ ಅಷ್ಟೇ.

ಬಿಲ್ಲಿಲ್ಲದೆ ತೀರಾ ಅಗ್ಗಕ್ಕೆ ಸಿಗುವ ಇಸಿಎಂ ಎಲ್ಲಿಂದ ಬಂತು ಎಂದು ಕೇಳದೆ ಕೊಳ್ಳಬಾರದು. ಇಸಿಎಂ ಕಳವು ನಡೆಯುತ್ತದೆ, ಮತ್ತು ಅದರೊಳಗೆ ಇನ್ನೊಬ್ಬರ ಕಾರಿನ ಚಾಸಿಸ್ ನಂಬರ್ ಇರುತ್ತದೆ.

ಬಿಚ್ಚುವ ಕ್ರಮ

ಬಿಚ್ಚುವುದಕ್ಕೆ ಮೊದಲು ಓದಿ ಇಟ್ಟುಕೊಳ್ಳುವ ಕೆಲಸ. ಹಳೆ ಯೂನಿಟ್ ಸ್ಕ್ಯಾನರಿಗೆ ಇನ್ನೂ ಸಿಗುತ್ತಿದ್ದರೆ ಎಲ್ಲ ಕೋಡ್, ಸಾಫ್ಟ್‌ವೇರ್ ನಂಬರ್, ಚಾಸಿಸ್ ನಂಬರ್, ಇಂಜೆಕ್ಟರ್ ಕೋಡ್ ಇವನ್ನು ಉಳಿಸಿಕೊಳ್ಳಬೇಕು. ಮೇಲಿನ ಲೇಬಲ್ಲಿನ ಫೋಟೊ, ವಯರ್ ಹೋಗುವ ದಾರಿಯ ಫೋಟೊ ಮೊಬೈಲಿನಲ್ಲಿ ತೆಗೆದರೆ ಆಮೇಲೆ ಜಗಳ ಇಲ್ಲ. ಸ್ಟೀರಿಯೋಗೆ ಕೋಡ್ ಇದ್ದರೆ ಬರೆದಿಡಬೇಕು. ಕಾರಿನ ಎರಡೂ ಕೀ ಕೈಯಲ್ಲಿರಬೇಕು. ಒಂದು ಕೀ ದುಬೈಯಲ್ಲಿ ಅಲಮಾರಿಯೊಳಗೆ ಇದ್ದರೆ ಜೋಡಣೆಯ ದಿನ ಪೇಚಾಟ, ಯಾಕೆಂದರೆ ಹಲವು ಕಾರುಗಳಲ್ಲಿ ಎಲ್ಲ ಕೀಗಳನ್ನೂ ಒಂದೇ ಸಲ ಕೂತು ಕಲಿಸಬೇಕಾಗುತ್ತದೆ.

ಕೀ ಆಫ್ ಮಾಡಿ ಹೊರತೆಗೆಯಬೇಕು. ಬಟನ್ ಸ್ಟಾರ್ಟ್ ಆದರೆ ಕೀಯನ್ನು ಕಾರಿನಿಂದ ದೂರ ಇಡಬೇಕು. ಕೂಡಲೇ ಸ್ಪ್ಯಾನರ್ ಹಾಕಬಾರದು. ಕೀ ಆಫ್ ಆದ ಮೇಲೂ ಇಸಿಎಂ ಸ್ವಲ್ಪ ಹೊತ್ತು ಎಚ್ಚರ ಇರುತ್ತದೆ, ಕಲಿತ ಲೆಕ್ಕಗಳನ್ನು ಮೆಮೊರಿಗೆ ಬರೆಯುತ್ತಿರುತ್ತದೆ. ಹತ್ತು ನಿಮಿಷ ಬಿಟ್ಟರೆ ನಷ್ಟ ಏನಿಲ್ಲ, ಒಂದು ಚಾ ಕುಡಿದು ಬರಬಹುದು.

ಬ್ಯಾಟರಿಯಲ್ಲಿ ಮೊದಲು ಬಿಚ್ಚಬೇಕಾದ್ದು ನೆಗೆಟಿವ್. ಇದು ಬರೀ ಶಾಸ್ತ್ರ ಅಲ್ಲ. ಕಾರಿನ ಇಡೀ ಬಾಡಿ ನೆಗೆಟಿವ್‌ಗೆ ಸೇರಿದೆ. ಪಾಸಿಟಿವ್ ಮೊದಲು ಬಿಚ್ಚುವಾಗ ಸ್ಪ್ಯಾನರ್ ಎಲ್ಲಾದರೂ ಬಾಡಿಗೆ ತಗುಲಿದರೆ ನೇರ ಶಾರ್ಟ್, ಕಿಡಿ, ಕೈ ಸುಡುವುದು. ನೆಗೆಟಿವ್ ಮೊದಲೇ ತೆಗೆದರೆ ಆಮೇಲೆ ತಗುಲಿದರೂ ಸರ್ಕ್ಯೂಟ್ ಪೂರ್ತಿ ಆಗುವುದಿಲ್ಲ. ತೆಗೆದ ಕೇಬಲ್ ಹಿಂದಕ್ಕೆ ಜಿಗಿದು ಟರ್ಮಿನಲ್‌ಗೆ ತಾಗದ ಹಾಗೆ ಬಟ್ಟೆ ಸುತ್ತಿ ಬದಿಗಿಡಬೇಕು. ಉಂಗುರ, ಕೈಗಡಿಯಾರ ತೆಗೆದಿಟ್ಟರೆ ಇನ್ನೂ ಒಳ್ಳೆಯದು.

ಡೀಸೆಲ್ ಕಾಮನ್ ರೈಲ್ ಕಾರಾದರೆ ಇನ್ನೊಂದು ಎಚ್ಚರ. ಇಂಜೆಕ್ಟರ್ ತೆರೆಯಲು ಇಸಿಎಂ ತನ್ನೊಳಗೆ 12 ವೋಲ್ಟನ್ನು 50ಕ್ಕೂ ಮೇಲೆ ಏರಿಸಿ ಕೆಪಾಸಿಟರಿನಲ್ಲಿ ಹಿಡಿದಿಡುತ್ತದೆ. ಬ್ಯಾಟರಿ ಬಿಚ್ಚಿದ ಮೇಲೂ ಕಾಯಬೇಕು ಎನ್ನುವುದು ಇದಕ್ಕೇ. ಇಸಿಎಂ ಡ್ಯಾಶ್‌ಬೋರ್ಡ್ ಒಳಗಿದ್ದರೆ ಏರ್‌ಬ್ಯಾಗಿನ ಹಳದಿ ಕನೆಕ್ಟರುಗಳನ್ನು ಮುಟ್ಟುವಂತಿಲ್ಲ. ಹೈಬ್ರಿಡ್, ಎಲೆಕ್ಟ್ರಿಕ್ ಕಾರುಗಳ ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಮನೆಯಲ್ಲಿ ಕೆಲಸ ಅಲ್ಲಿಗೇ ನಿಲ್ಲಿಸಬೇಕು. ಅದರಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಇದೆ.

ಮೈಯಲ್ಲಿ ಕೂತ ಸ್ಟ್ಯಾಟಿಕ್ ಕರೆಂಟು ಕಣ್ಣಿಗೆ ಕಾಣದ ಶತ್ರು. ಬೆರಳಿಗೆ ಚುರ್ ಎನ್ನಬೇಕಾದರೆ ಅದು ಸಾವಿರಾರು ವೋಲ್ಟ್ ಇರಬೇಕು. ಅದಕ್ಕಿಂತ ಎಷ್ಟೋ ಕಡಿಮೆಯಲ್ಲೇ, ಮನುಷ್ಯನಿಗೆ ಗೊತ್ತೇ ಆಗದ ಹಾಗೆ, ಚಿಪ್ ಹಾಳಾಗಬಹುದು. ಕರಾವಳಿಯ ತೇವದ ಗಾಳಿಯಲ್ಲಿ ಇದು ಸ್ವಲ್ಪ ಕಡಿಮೆ, ಆದರೆ ಪಾಲಿಯೆಸ್ಟರ್ ಅಂಗಿ ಹಾಕಿ ಎಸಿ ಕೋಣೆಯಲ್ಲಿ ಕೂತು ಬಂದವರಿಗೆ ಆ ರಿಯಾಯಿತಿ ಇಲ್ಲ. ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ ಆಮೇಲೆ ಇಸಿಎಂ ಹಿಡಿಯಬೇಕು. ಆ್ಯಂಟಿ ಸ್ಟ್ಯಾಟಿಕ್ ಪಟ್ಟಿ ಕೈಗೆ ಕಟ್ಟಿಕೊಂಡರೆ ಇನ್ನೂ ನಿಶ್ಚಿಂತೆ. ಪಿನ್ನುಗಳಿಗೆ ಬೆರಳು ತಾಗಿಸಬಾರದು. ಹೊಸ ಯೂನಿಟ್ ಜೋಡಿಸುವ ಕ್ಷಣದವರೆಗೆ ಅದರ ಚೀಲದಲ್ಲೇ ಇರಲಿ.

ಕನೆಕ್ಟರ್ ಕಳಚುವಾಗ ವಯರ್ ಹಿಡಿದು ಎಳೆಯಬಾರದು. ಹೆಚ್ಚಿನವುಗಳಲ್ಲಿ ಲಿವರ್ ಲಾಕ್ ಇರುತ್ತದೆ, ಅದರ ಚಿಕ್ಕ ಕ್ಲಿಪ್ ಒತ್ತಿ ಲಿವರ್ ಪೂರ್ತಿ ತಿರುಗಿಸಿದರೆ ಕನೆಕ್ಟರ್ ತಾನಾಗಿ ಮೇಲೆ ಬರುತ್ತದೆ. ಬರುತ್ತಿಲ್ಲ ಎಂದು ಸ್ಕ್ರೂಡ್ರೈವರ್ ಹಾಕಿ ಎಬ್ಬಿದರೆ ಬಾಗುವುದು ಪಿನ್. ಹೊರಬಂದ ಮೇಲೆ ಟಾರ್ಚ್ ಹಾಕಿ ನೋಡಬೇಕು: ಹಸಿರು ಕಿಲುಬು, ಬಾಗಿದ ಪಿನ್, ಒಳಗೆ ನೀರಿನ ಗುರುತು. ಕಿಲುಬು ಇದ್ದರೆ ಎಲೆಕ್ಟ್ರಾನಿಕ್ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಒಣಗಿಸಿ, ಹಳೇ ಇಸಿಎಂ ಅನ್ನೇ ಒಮ್ಮೆ ಮತ್ತೆ ಜೋಡಿಸಿ ನೋಡಬೇಕು. ಅಷ್ಟರಲ್ಲೇ ಕಾರು ಹೊತ್ತಿಕೊಂಡು, ಹೊಸದರ ಖರ್ಚು ಉಳಿದರೂ ಉಳಿಯಿತು. ಪೆಟ್ರೋಲ್ ಹಾಕಿ ತೊಳೆಯುವುದು, ಮರಳು ಕಾಗದದಲ್ಲಿ ಉಜ್ಜುವುದು ಬೇಡ. ಪಿನ್ನಿನ ಮೇಲಿನ ತೆಳು ಲೇಪನ ಹೋದರೆ ಮುಂದಿನ ಮಳೆಗಾಲಕ್ಕೆ ಅದೇ ರೋಗ.

ಜೋಡಿಸಿದ ಮೇಲೆ

ಬ್ಯಾಟರಿ ಬಿಚ್ಚಿದ ಸ್ಥಿತಿಯಲ್ಲೇ ಹೊಸ ಯೂನಿಟ್ ಅದರ ಜಾಗದಲ್ಲಿ ಕೂರಿಸಿ, ಅರ್ತ್ ಬೋಲ್ಟ್ ಬಿಗಿದು, ಕನೆಕ್ಟರ್ ಹಾಕಿ ಲಿವರ್ ಕ್ಲಿಕ್ ಎನ್ನುವವರೆಗೆ ಒತ್ತಬೇಕು. ಕೆಳಗಿನ ರಬ್ಬರ್ ಸೀಲ್ ಬಿಟ್ಟುಹೋಗಬಾರದು. ಬ್ಯಾಟರಿಗೆ ಈ ಸಲ ಪಾಸಿಟಿವ್ ಮೊದಲು, ನೆಗೆಟಿವ್ ಕೊನೆಗೆ.

ಕೂಡಲೇ ಸೆಲ್ಫ್ ಹೊಡೆಯಬಾರದು. ಕೀ ಆನ್ ಮಾಡಿ ಲೈಟುಗಳನ್ನು ನೋಡಿ, ಸ್ಕ್ಯಾನರ್ ಹಾಕಿ, ಚಾಸಿಸ್ ನಂಬರ್ ಬರೆದು, ಕೀ ಜೋಡಿಸಿ, ಇಂಜೆಕ್ಟರ್ ಕೋಡ್ ತುಂಬಬೇಕು. ಬಿಎಸ್ 6 ಡೀಸೆಲಿನಲ್ಲಿ ಡಿಪಿಎಫ್ ಫಿಲ್ಟರಿನಲ್ಲಿ ಎಷ್ಟು ಮಸಿ ತುಂಬಿದೆ ಎಂಬ ಲೆಕ್ಕವೂ ಹೊಸ ಯೂನಿಟ್ಟಿಗೆ ಗೊತ್ತಿರುವುದಿಲ್ಲ, ಅದನ್ನೂ ಹೇಳಬೇಕು. ಸಾಫ್ಟ್‌ವೇರ್ ಬರೆಯುವಾಗ ವೋಲ್ಟೇಜ್ ಬಿದ್ದರೆ ಅರ್ಧ ಬರೆದ ಯೂನಿಟ್ ಅಲ್ಲಿಗೇ ಕಲ್ಲಾಗಬಹುದು. ಅದಕ್ಕೆ ಗ್ಯಾರೇಜಿನವರು ಸ್ಥಿರವಾದ ಪವರ್ ಸಪ್ಲೈ ಜೋಡಿಸಿಕೊಂಡೇ ಮಾಡಬೇಕು. ಕರೆಂಟು ಹೋಗಿ ಬರುವ ಊರಿನಲ್ಲಿ ಇದನ್ನು ಕೇಳಿ ತಿಳಿದುಕೊಳ್ಳುವುದು ತಪ್ಪಲ್ಲ.

ಸ್ಟಾರ್ಟ್ ಆದ ಮೇಲೆ ಐಡ್ಲಿಂಗ್ ಮೊದಲಿಗೆ ಸ್ವಲ್ಪ ಏರುಪೇರಾಗುವುದು ಸಾಮಾನ್ಯ. ಥ್ರಾಟಲ್ ಎಲ್ಲಿ ಮುಚ್ಚುತ್ತದೆ, ಎಷ್ಟು ಇಂಧನ ಸಾಕು ಎಂದು ಹೊಸ ಮೆದುಳು ಕಲಿಯುತ್ತಿರುತ್ತದೆ. ಕೆಲವು ಕಾರಿಗೆ ಸ್ಕ್ಯಾನರಿನಲ್ಲೇ ಆ ಕಲಿಕೆಯ ಆಜ್ಞೆ ಕೊಡಬೇಕು. ಕಿಟಕಿಯ ಗಾಜಿನ ಆಟೋ ಸ್ವಿಚ್, ಗಡಿಯಾರ ಮತ್ತೆ ಸೆಟ್ ಮಾಡಬೇಕಾಗಬಹುದು. ಒಂದೆರಡು ದಿನ ಓಡಿಸಿದ ನಂತರ ಮತ್ತೊಮ್ಮೆ ಸ್ಕ್ಯಾನ್ ಮಾಡಿಸಿದರೆ ಉಳಿದ ದೋಷ ಇದ್ದರೆ ಕಾಣುತ್ತದೆ.

ಹೇಗೂ ಇಸಿಎಂ ತೆರೆದಾಯಿತು, ಸ್ವಲ್ಪ ಪವರ್ ಜಾಸ್ತಿ ಮಾಡಿಸೋಣ ಎಂದು ರೀಮ್ಯಾಪ್ ಮಾಡಿಸುವ ಹುಡುಗರಿದ್ದಾರೆ. ಹೊಗೆ ನಿಯಂತ್ರಣ ಬಂದ್ ಮಾಡಿದ ಕಾರು ಹೊಗೆ ಪರೀಕ್ಷೆಯಲ್ಲಿ ಸಿಕ್ಕಿಬೀಳಬಹುದು, ಕಂಪೆನಿ ಕೊಟ್ಟ ಸ್ಥಿತಿಯಿಂದ ವಾಹನವನ್ನು ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆ ಹಾಕುತ್ತದೆ.

ವಿಮೆ ಮತ್ತು ಬಿಲ್ಲು

ಇಸಿಎಂ ತನ್ನಷ್ಟಕ್ಕೆ ಹಾಳಾದರೆ ಸಾಮಾನ್ಯ ವಿಮೆಯಿಂದ ದುಡ್ಡು ಬರುವುದಿಲ್ಲ. ಯಾಂತ್ರಿಕ, ವಿದ್ಯುತ್ ದೋಷಗಳು ಮತ್ತು ಸವೆತ ಪಾಲಿಸಿಯ ಹೊರಗಿವೆ. ಅಪಘಾತದಲ್ಲಿ ಒಡೆದರೆ, ಪ್ರವಾಹದಲ್ಲಿ ಮುಳುಗಿದರೆ ಸಮಗ್ರ ಪಾಲಿಸಿಯಲ್ಲಿ ಕ್ಲೈಮ್ ಮಾಡಬಹುದು, ಕಾರಿನ ವಯಸ್ಸಿಗೆ ತಕ್ಕ ಸವಕಳಿ ಕಳೆದು ಕೊಡುತ್ತಾರೆ. ಥರ್ಡ್ ಪಾರ್ಟಿ ಮಾತ್ರ ಇದ್ದವರಿಗೆ ಏನೂ ಇಲ್ಲ. ಮುಳುಗಿದ ಕಾರನ್ನು ಸ್ಟಾರ್ಟ್ ಮಾಡಲು ಹೋಗಿ ಎಂಜಿನ್ ಹಾಳಾದರೆ ಕಂಪೆನಿಗಳು ಅದಕ್ಕೆ ತಕರಾರು ತೆಗೆಯುತ್ತವೆ, ಹಾಗಾಗಿ ಕೀ ಮುಟ್ಟದೆ, ನಿಂತ ಸ್ಥಿತಿಯಲ್ಲೇ ಫೋಟೊ ತೆಗೆದು ಮೊದಲು ವಿಮಾ ಕಂಪೆನಿಗೆ ತಿಳಿಸಿ, ಟೋ ಮಾಡಿಸಬೇಕು.

ಬಿಲ್ಲು ಜಿಎಸ್‌ಟಿ ಸಹಿತ ಬೇಕು. ಅದರಲ್ಲಿ ಇಸಿಎಂ ಪಾರ್ಟ್ ನಂಬರ್, ಸೀರಿಯಲ್ ನಂಬರ್, ಹೊಸದೋ ರಿಪೇರಿಯೋ ಹಳೆಯದೋ ಎಂಬುದು, ವಾರಂಟಿ ಎಷ್ಟು ತಿಂಗಳು ಎಂಬುದು ಬರೆದಿರಬೇಕು. ಕೋಡಿಂಗ್ ಚಾರ್ಜು ಬೇರೆಯೇ ಸಾಲಿನಲ್ಲಿ ಬರಲಿ. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಮೇಲಿನ ತೆರಿಗೆ 28 ಶೇಕಡದಿಂದ 18 ಶೇಕಡಕ್ಕೆ ಇಳಿದಿದೆ, ಹಳೇ ದರ ಹಾಕಿದ್ದರೆ ಕೇಳಬಹುದು.

ಮತ್ತೆ ಹಳೇ ಯೂನಿಟ್. ಗ್ಯಾರೇಜಿನಲ್ಲೇ ಬಿಟ್ಟು ಬರುವವರೇ ಹೆಚ್ಚು. ವಿಮೆಯವರಿಗೆ ಒಪ್ಪಿಸಬೇಕಾದದ್ದೋ ಹೊಸದರ ಬದಲಿಗೆ ಕೊಟ್ಟದ್ದೋ ಅಲ್ಲದಿದ್ದರೆ ಅದನ್ನು ಕೇಳಿ ತರಬೇಕು. ಅದರೊಳಗೆ ಕಾರಿನ ಚಾಸಿಸ್ ನಂಬರ್, ಕೀಯ ಗುಟ್ಟು ಇನ್ನೂ ಇದೆ. ಮುಂದೊಂದು ದಿನ ಕ್ಲೋನ್ ಮಾಡಬೇಕಾಗಿ ಬಂದರೆ ಮೂಲ ಅದೇ. ಸ್ಟ್ಯಾಟಿಕ್ ಚೀಲದಲ್ಲಿ ಹಾಕಿ, ಬಿಲ್ಲು ಮತ್ತು ಎರಡನೇ ಕೀ ಜತೆಗೆ ಮನೆಯಲ್ಲಿ ಒಂದೇ ಕಡೆ ಇಟ್ಟರೆ, ಮುಂದಿನ ರಜೆಗೆ ಬಂದಾಗ ಹುಡುಕಾಟ ಇರುವುದಿಲ್ಲ.